ಅಡುಗೆಮನೆಯ ಕಸ, ಬೀದಿಯ ದೀಪ

ರಮಝಾನ್‌ನ ಸಂಜೆ. ಜಯನಗರದ ತಿಲಕ್‌ನಗರದಲ್ಲೋ, ಬಿಟಿಎಂ ಲೇಔಟ್ ಪಕ್ಕದ ಗುರಪ್ಪನಪಾಳ್ಯದಲ್ಲೋ ಒಂದು ಮನೆ. ಇಫ್ತಾರ್ ಮುಗಿದಿದೆ. ಕಲ್ಲಂಗಡಿ ಸಿಪ್ಪೆ, ಖರ್ಜೂರದ ಬೀಜ, ಉಳಿದ ಗಂಜಿ, ಜೊತೆಗೆ ಮಗುವಿನ ಡೈಪರ್ ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಸೇರುತ್ತವೆ. ಗಂಟು ಹಾಕಿ ಹೊರಗಿಟ್ಟರೆ ಮನೆ ಸ್ವಚ್ಛ. ಆದರೆ ಆ ಗಂಟು ಎಲ್ಲಿಗೆ ಹೋಗುತ್ತದೆ?

ಬಹಳ ವರ್ಷ ಬೆಂಗಳೂರಿನ ಇಂಥ ಗಂಟುಗಳು ಮಂಡೂರು, ಮಾವಳ್ಳಿಪುರದಂಥ ಹಳ್ಳಿಗಳಿಗೆ ಹೋಗುತ್ತಿದ್ದವು. ರಾಶಿಯ ಅಡಿಯಲ್ಲಿ ಗಾಳಿಯಾಡದ ಕಡೆ ಅನ್ನ, ಸಿಪ್ಪೆಗಳು ಕೊಳೆತಾಗ ಸೂಕ್ಷ್ಮಜೀವಿಗಳು ಗ್ಯಾಸ್ ಉಂಟುಮಾಡುತ್ತವೆ. ಅದರಲ್ಲಿ ಸುಮಾರು ಅರ್ಧದಷ್ಟು ಮೀಥೇನ್, ಅಂದರೆ ಬೆಂಕಿ ತಗುಲಿದರೆ ಹೊತ್ತಿ ಉರಿಯುವ ಅನಿಲ. ಕಸದ ಬೆಟ್ಟಗಳು ಆಗಾಗ ಹೊತ್ತಿಕೊಳ್ಳಲು ಇದೂ ಒಂದು ಕಾರಣ. ನಮ್ಮ ಮನೆಯ ದುರ್ವಾಸನೆಯನ್ನು ಬೇರೆ ತಾಯಂದಿರು ತಮ್ಮ ಅಡುಗೆಮನೆಯಲ್ಲಿ ಕುಳಿತು ಸಹಿಸಿದರು. ಊರವರ ಹೋರಾಟದ ಬಳಿಕ 2014ರ ಡಿಸೆಂಬರ್ 1ರಿಂದ ಮಂಡೂರಿಗೆ ಕಸ ಸಾಗಿಸುವುದು ನಿಂತಿತು. ಕಸದಿಂದ ವಿದ್ಯುತ್ ತಯಾರಿಸುವ ಭರವಸೆ ಅಲ್ಲಿ ಈಡೇರಲೇ ಇಲ್ಲ.

ಹಾಗೆಂದು ಅದು ಆಗದ ಕೆಲಸವೇನಲ್ಲ. ರಾಶಿಯನ್ನು ಮಣ್ಣು ಹಾಕಿ ಮುಚ್ಚಿ, ಒಳಗೆ ಕೊಳವೆ ಇಳಿಸಿ ಗ್ಯಾಸ್ ಹೀರುತ್ತಾರೆ. ಅದನ್ನು ಶುದ್ಧೀಕರಿಸಿ ಎಂಜಿನ್‌ಗೆ ಕೊಟ್ಟು ಜನರೇಟರ್ ತಿರುಗಿಸುತ್ತಾರೆ. ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಪುವೆಂಟೆ ಹಿಲ್ಸ್ ಎಂಬ ಕಸದ ಬೆಟ್ಟದಿಂದ ಸುಮಾರು 50 ಮೆಗಾವ್ಯಾಟ್ ವಿದ್ಯುತ್ ಪಡೆದದ್ದುಂಟು.

ಬೆಟ್ಟವಾಗುವ ತನಕ ಕಾಯಬೇಕೇ? ನಮ್ಮ ದಕ್ಷಿಣ ಬೆಂಗಳೂರಿನಲ್ಲೇ ಬೇರೆ ದಾರಿ ಹಿಡಿದರು. 2010ರ ದಶಕದಲ್ಲಿ ಆಗಿನ ಬಿಬಿಎಂಪಿ ಕೆಲವು ವಾರ್ಡುಗಳಲ್ಲಿ ಸಣ್ಣ ಗ್ಯಾಸ್ ಘಟಕ ಕಟ್ಟಿಸಿತು. ಜಯನಗರಕ್ಕೆ ಅಂಟಿಕೊಂಡಿರುವ ಯಡಿಯೂರು ವಾರ್ಡಿನಲ್ಲಿ ಹಸಿ ಕಸವನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿ, ಬಂದ ಗ್ಯಾಸ್‌ನಿಂದ ಬೀದಿ ದೀಪ ಉರಿಸಿದರು. ಮಂಡೂರಿನಲ್ಲಿ ಕಣ್ಣುರಿಸಿದ್ದೂ ಇಂಥದೇ ಕೊಳೆತ ಅನ್ನ!

ಆದರೆ ನಗರದ ಇಂಥ ಹಲವು ಘಟಕಗಳು ಸರಿಯಾಗಿ ನಡೆಯಲಿಲ್ಲ. ನಿರ್ವಹಣೆಯ ಕೊರತೆ ಇತ್ತು, ನಿಜ. ನಮ್ಮ ತಪ್ಪೂ ಇತ್ತೆಂದು ಒಪ್ಪಿಕೊಳ್ಳೋಣ. ತೊಟ್ಟಿಗೆ ಪ್ಲಾಸ್ಟಿಕ್, ಬಟ್ಟೆ ಚೂರು ಬಿದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಫಿನೈಲ್ ಸೇರಿದರೆ ಗ್ಯಾಸ್ ಕೊಡುವ ಜೀವಿಗಳೇ ಸಾಯುತ್ತವೆ. ಬಿರಿಯಾನಿಯ ಅನ್ನ ಒಳ್ಳೆಯ ಆಹಾರ, ಅದರ ಎಲುಬು ಮಾತ್ರ ರುಬ್ಬುವ ಯಂತ್ರಕ್ಕೆ ಕಷ್ಟ. ಎಲುಬನ್ನು ಬೇರೆಯಾಗಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರೆ ಒಳ್ಳೆಯದು.

ಕಸ ಬೇರ್ಪಡಿಸುವ ನಿಯಮ ಹೊಸದೇನಲ್ಲ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಬೆಂಗಳೂರಿಗೆ ಕಡ್ಡಾಯಗೊಳಿಸಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರ್ ಮತ್ತು ಪ್ಯಾಡ್, ಚೀಲಕ್ಕೆ ಒಣ ಕಸ. ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕೊಡಿ. ನಾವು ಬೇರ್ಪಡಿಸದೆ ಕೊಟ್ಟದ್ದನ್ನು ಬರಿಗೈಯಲ್ಲಿ ಬೇರ್ಪಡಿಸುವವಳು ಬೆಳಿಗ್ಗೆ ಗಾಡಿಯೊಂದಿಗೆ ಬರುವ ಪೌರಕಾರ್ಮಿಕ ಮಹಿಳೆ. ಅವಳ ಮನೆಯಲ್ಲೂ ಮಕ್ಕಳಿದ್ದಾರೆ, ಅದೇ ಕೈಯಿಂದ ಅವರಿಗೆ ಊಟ ಬಡಿಸಬೇಕು.