ಜಾತಿಯ ನಾಯಿ ಮತ್ತು ಅದರ ಒಡೆಯ: ಆತಕೂರಿನ ಕಲ್ಲಿನಿಂದ ಮುಧೋಳದವರೆಗೆ

ಜೆಪ್ಪುವಿನ ಹಳೆಯ ಹೆಂಚಿನ ಮನೆಗಳಲ್ಲಿಯೂ, ಈಚೆಗೆ ಅವುಗಳ ಸ್ಥಾನದಲ್ಲಿ ಎದ್ದುನಿಂತಿರುವ ಬಹುಮಹಡಿಯ ಕಟ್ಟಡಗಳಲ್ಲಿಯೂ ನಾಯಿಗಳ ಮಾತು ಬಂದಾಗ ಎರಡು ಪದಗಳು ತಪ್ಪದೆ ಕೇಳಿಬರುತ್ತವೆ. ಒಂದು ‘ಜಾತಿ ನಾಯಿ’, ಇನ್ನೊಂದು ‘ಕಂತ್ರಿ ನಾಯಿ’. ಎರಡನೆಯ ಪದವು ಇಂಗ್ಲಿಷಿನ ‘ಕಂಟ್ರಿ’ ಎಂಬುದರಿಂದ ಬಂದುದು. ನಾಡಿನದು ಎಂಬಷ್ಟೇ ಅರ್ಥವಿದ್ದ ಮಾತು ನಮ್ಮವರ ಬಾಯಲ್ಲಿ ಕೀಳು ಎಂಬ ಅರ್ಥಕ್ಕೆ ಇಳಿಯಿತು. ಹಡಗಿನಲ್ಲಿ ಬಂದ ನಾಯಿಗೆ ಮಾತ್ರ ಜಾತಿಯುಂಟು, ಊರಿನ ನಾಯಿಗೆ ಇಲ್ಲ ಎಂಬ ಭಾವನೆ ಬೇರೂರಿತು. ಹಳಗನ್ನಡದಲ್ಲಿ ಬೇಟೆಯ ನಾಯಿಗೆ ‘ಜಾಯಿಲ’ವೆಂಬ ಬೇರೆಯ ಹೆಸರೇ ಇದ್ದಿತೆಂಬುದನ್ನು ನೆನೆದರೆ, ಈ ಭಾವನೆಯು ಎಷ್ಟು ಈಚಿನದೆಂಬುದು ತಿಳಿದೀತು. ಶುದ್ಧ ತಳಿಯ ನಾಯಿಯನ್ನು ಸಾಕುವುದು, ಪ್ರದರ್ಶನಕ್ಕೆ ಒಯ್ಯುವುದು ಪಾಶ್ಚಾತ್ಯರ ಹವ್ಯಾಸವೆಂದು ಇತಿಹಾಸದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅದರ ಗೊಡವೆಗೆ ಹೋಗುವುದಿಲ್ಲ. ಆದರೆ ನಾಯಿಯನ್ನು ಪಡೆಯುವ ಸಂತೋಷವೂ ಅದರೊಡನೆ ಬರುವ ಹೊಣೆಯೂ ಕನ್ನಡನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಕಲ್ಲಿನ ಮೇಲೆ ದಾಖಲಾಗಿವೆ.

ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನವನ್ನು ವಾಚಕರು ತಕ್ಕೋಲದ ಯುದ್ಧದ ಸಂಬಂಧದಲ್ಲಿ ಓದಿರುತ್ತಾರೆ. ಶಕ ವರ್ಷ ೮೭೨, ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. ೯೪೯-೫೦ರ ಈ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಕೂಡಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂಗತಿಯನ್ನೂ, ಬೂತುಗನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ ಮೊದಲಾದ ನಾಡುಗಳು ದೊರೆತುದನ್ನೂ ತಿಳಿಸುತ್ತದೆ. ನಮ್ಮ ಪಠ್ಯಪುಸ್ತಕಗಳು ಇಷ್ಟಕ್ಕೆ ನಿಲ್ಲುತ್ತವೆ. ಆದರೆ ಆ ಕಲ್ಲನ್ನು ನಿಲ್ಲಿಸಿದುದು ರಾಜಾದಿತ್ಯನ ಮರಣಕ್ಕಾಗಿ ಅಲ್ಲ, ಒಂದು ನಾಯಿಗಾಗಿ. ಬೂತುಗನ ಸೇವಕನಾದ ಮಣಲೇರನೆಂಬ ವೀರನು ಆ ಯುದ್ಧದಲ್ಲಿ ಮೆರೆದ ಪರಾಕ್ರಮಕ್ಕೆ ಮೆಚ್ಚಿದ ಅರಸನು ಬೇಕಾದುದನ್ನು ಬೇಡಿಕೊಳ್ಳೆಂದಾಗ, ಆತನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಬಳಿಕ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲಾಗಿ, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಬಿದ್ದುವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಗಾಗಿ ಕಲ್ಲನ್ನು ನೆಡಿಸಿ, ಅದಕ್ಕೆ ಭೂಮಿಯನ್ನು ಬಿಟ್ಟರು. ನಾಯಿ ಹಂದಿಗಳ ಕಾಳಗವನ್ನು ಅದೇ ಕಲ್ಲಿನಲ್ಲಿ ಕಡೆದಿದ್ದಾರೆ.

ಇದರಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಊರನ್ನೋ ಹೊನ್ನನ್ನೋ ಕೇಳಬಹುದಾಗಿದ್ದ ಕಡೆಯಲ್ಲಿ ನಾಯಿಯನ್ನು ಕೇಳುವಷ್ಟು ಅದಕ್ಕೆ ಬೆಲೆಯಿದ್ದಿತು. ಅದು ಹೆಸರುಳ್ಳ ನಾಯಿ, ಅರಸರ ಬಳಿಯ ನಾಯಿ. ಎರಡನೆಯದು, ಒಡೆತನವು ಸಾವಿನೊಡನೆ ಮುಗಿಯಲಿಲ್ಲ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ಶಾಸನವು ಶಪಿಸುತ್ತದೆ. ಸಾಮಾನ್ಯವಾಗಿ ದಾನಶಾಸನಗಳಲ್ಲಿ ಬರುವ ಕವಿಲೆ, ವಾರಣಾಸಿಗಳ ಶಾಪದ ಸ್ಥಾನದಲ್ಲಿ ನಾಯಿಯೇ ಬಂದಿರುವುದು ವಿಶೇಷ. ನಾಯಿಗಳ ಸ್ಮಾರಕವಾದ ಕಲ್ಲು ಇದೊಂದೇ ಅಲ್ಲ. ಮುಳಬಾಗಿಲು ಸೀಮೆಯಲ್ಲಿಯೂ ಅಂತಹುದು ದೊರೆತಿದೆ. ಹನ್ನೆರಡನೆಯ ಶತಮಾನಕ್ಕೆ ಬಂದರೆ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಸಾರಮೇಯ ವಿನೋದಕ್ಕೂ ಸ್ಥಾನ ಕೊಟ್ಟಿದ್ದಾನೆ.

ಕಾಳಿಯು ಮುಧೋಳದ ತಳಿಯದೆಂದೂ, ಆದುದರಿಂದ ಆ ತಳಿಗೆ ಸಾವಿರ ವರ್ಷಗಳ ವಂಶಾವಳಿಯಿದೆಯೆಂದೂ ಕೆಲವರು ಉತ್ಸಾಹದಿಂದ ಹೇಳುವುದುಂಟು. ಶಾಸನದಲ್ಲಿ ಇದಕ್ಕೆ ಆಧಾರವಿಲ್ಲ. ಮುಧೋಳ, ಎಂದರೆ ಅಂದಿನ ಮುದುವೊಳಲು, ಕವಿ ರನ್ನನ ಹುಟ್ಟೂರು. ಅವನು ಹುಟ್ಟಿದುದೂ ಅದೇ ಸೌಮ್ಯ ಸಂವತ್ಸರದಲ್ಲಿ. ಇದು ಮನಸ್ಸಿಗೆ ಹಿತವಾದ ಕಾಕತಾಳೀಯವೇ ಹೊರತು ಪ್ರಮಾಣವಲ್ಲ. ಮುಧೋಳದ ನಾಯಿಯ ನೀಳವಾದ ತಲೆ, ಆಳವಾದ ಎದೆ, ಒಳಸೇದಿದ ಹೊಟ್ಟೆ, ಉದ್ದನೆಯ ಕಾಲುಗಳು ಪಶ್ಚಿಮ ಏಷ್ಯದ ಸಲೂಕಿ, ತಾಜಿ ಮೊದಲಾದ ನಾಯಿಗಳನ್ನು ಹೋಲುತ್ತವೆ. ಸಾರ್ಥವಾಹರ ಮತ್ತು ದಂಡುಗಳ ಸಂಗಡ ಬಂದ ನಾಯಿಗಳು ದಖನ್ನಿನ ನಾಯಿಗಳೊಡನೆ ಬೆರೆತು ಈ ತಳಿ ಆಯಿತೆಂಬ ಅಭಿಪ್ರಾಯವಿದೆ. ‘ಕಾರವಾನಿ’ ಎಂಬ ಹೆಸರೂ ಇದನ್ನೇ ಸೂಚಿಸುತ್ತದೆ. ಹಾಗಾದರೆ ಇಂದು ನಾವು ಶುದ್ಧವೆಂದು ಕರೆಯುವ ತಳಿಯು ಮೂಲದಲ್ಲಿ ಮಿಶ್ರಣವೇ.

ಅದನ್ನು ಮಿಶ್ರಣದಿಂದ ತಳಿಯಾಗಿ ನಿಲ್ಲಿಸಿದವರು ಯಾರು? ಈ ಪ್ರಶ್ನೆಯೇ ಪ್ರಸ್ತುತ ಲೇಖಕನಿಗೆ ಮುಖ್ಯವಾಗಿ ಕಾಣುತ್ತದೆ. ಗ್ರಂಥಗಳಲ್ಲಿ ದೊರೆಯುವ ಉತ್ತರ ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆಯವರದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆಳಿದ ಅವರು ಈ ನಾಯಿಗಳನ್ನು ಆರಿಸಿ ಬೆಳೆಸಿದರೆಂದೂ, ಒಂದು ಜೊತೆ ಮರಿಗಳನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂದೂ, ‘ಮುಧೋಳ ಹೌಂಡ್’ ಎಂಬ ಹೆಸರು ಆಗ ಬಂದಿತೆಂದೂ ಪ್ರಸಿದ್ಧವಾಗಿದೆ. ಅವರ ಶ್ರಮವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅವರು ಆ ನಾಯಿಗಳನ್ನು ಮೊದಲು ಕಂಡುದು ಆ ಸೀಮೆಯ ಬೇಡರ ಬಳಿಯಲ್ಲಿ ಎಂಬುದನ್ನು ಅದೇ ಕಥೆ ಹೇಳುತ್ತದೆ. ಈ ಬೇಡರು ನಮಗೆ ಅಪರಿಚಿತರಲ್ಲ. ೧೮೫೭ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಪ್ರತಿಭಟಿಸಿ ದಂಗೆಯೆದ್ದ ಹಲಗಲಿಯ ಬೇಡರ ಊರು ಮುಧೋಳ ಸಂಸ್ಥಾನಕ್ಕೇ ಸೇರಿದುದು. ಬೇಟೆಯಿಂದ ಬದುಕುವ ಜನಕ್ಕೆ ಆಯುಧವೆಷ್ಟೋ ನಾಯಿಯೂ ಅಷ್ಟೇ. ಅವರಲ್ಲಿ ವಂಶಾವಳಿಯ ಪುಸ್ತಕವಿರಲಿಲ್ಲ; ಮೊಲವನ್ನು ಹಿಡಿಯಲಾರದ ನಾಯಿಯ ಮರಿಯನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ, ಅಷ್ಟೆ. ಕೆಲಸವೇ ಪರೀಕ್ಷೆ, ಹೊಲವೇ ಪ್ರದರ್ಶನದ ಅಂಗಳ. ಅರಮನೆ ಕೊಟ್ಟುದು ಹೆಸರನ್ನು; ನಾಯಿಯನ್ನು ಕೊಟ್ಟವರು ಬೇಡರು ಮತ್ತು ಬಯಲುಸೀಮೆಯ ರೈತರು.

ಪುಸ್ತಕದ ಮೂಲಕ ತಳಿಯನ್ನು ಕಾಯುವ ಪದ್ಧತಿ ಇಂಗ್ಲೆಂಡಿನದು. ೧೮೫೯ರ ಜೂನ್ ತಿಂಗಳಲ್ಲಿ ನ್ಯೂಕ್ಯಾಸಲ್ ನಗರದಲ್ಲಿ ಪಾಯಿಂಟರ್ ಮತ್ತು ಸೆಟರ್ ಎಂಬ ಎರಡು ಬಗೆಯ ಬೇಟೆನಾಯಿಗಳಿಗಾಗಿ ನಡೆದ ಕೂಟವನ್ನು ಆಧುನಿಕ ಶ್ವಾನ ಪ್ರದರ್ಶನಗಳ ಆರಂಭವೆಂದು ಎಣಿಸುತ್ತಾರೆ. ಬಹುಮಾನ ಕೋವಿಗಳು. ಪಾಯಿಂಟರುಗಳ ತೀರ್ಪುಗಾರರಲ್ಲೊಬ್ಬರ ನಾಯಿ ಸೆಟರುಗಳಲ್ಲಿಯೂ, ಸೆಟರುಗಳ ತೀರ್ಪುಗಾರರಲ್ಲೊಬ್ಬರ ನಾಯಿ ಪಾಯಿಂಟರುಗಳಲ್ಲಿಯೂ ಗೆದ್ದುವೆಂಬುದನ್ನು ಓದಿದಾಗ ನಗೆ ಬಾರದಿರದು. ೧೮೭೩ರಲ್ಲಿ ಸ್ಥಾಪಿತವಾದ ಕೆನಲ್ ಕ್ಲಬ್ ನಿಯಮಗಳನ್ನೂ ವಂಶಾವಳಿಯ ದಾಖಲೆಯನ್ನೂ ತಂದಿತು. ನಮ್ಮ ದೇಶದ ಪ್ರದರ್ಶನಗಳೂ ಇದೇ ಜಾಡಿನವು. ತೀರ್ಪುಗಾರನು ನಾಯಿಗಳನ್ನು ಒಂದರೊಡನೊಂದು ಹೋಲಿಸುತ್ತಾನೆಂದು ನೋಡುಗರು ತಿಳಿಯುತ್ತಾರೆ. ವಾಸ್ತವವಾಗಿ ಆತನು ಪ್ರತಿಯೊಂದನ್ನೂ ಆ ತಳಿಗೆ ಲಿಖಿತವಾಗಿರುವ ಮಾನದಂಡದೊಡನೆ ಹೋಲಿಸಬೇಕು. ಮುಧೋಳದ ಗಂಡಿಗೆ ಭುಜದ ಎತ್ತರ ೬೮ರಿಂದ ೭೨ ಸೆಂಟಿಮೀಟರು, ಹೆಣ್ಣಿಗೆ ೬೪ರಿಂದ ೬೮. ಹಲ್ಲುಗಳ ಕೂಡಿಕೆ, ಬೆನ್ನಿನ ರೇಖೆ, ನಡಿಗೆ, ಅಪರಿಚಿತನು ಮುಟ್ಟಿದಾಗ ನಾಯಿ ತೋರುವ ವರ್ತನೆ ಇವೆಲ್ಲ ಪರೀಕ್ಷೆಗೆ ಒಳಗಾಗುತ್ತವೆ. ವಯಸ್ಸು ಲಿಂಗಗಳ ತರಗತಿಗಳಲ್ಲಿ ಗೆದ್ದವು ತಳಿಯ ಶ್ರೇಷ್ಠತೆಗೂ, ಅಲ್ಲಿ ಗೆದ್ದವು ವರ್ಗದ ಶ್ರೇಷ್ಠತೆಗೂ, ಕೊನೆಗೆ ಇಡೀ ಪ್ರದರ್ಶನದ ಶ್ರೇಷ್ಠತೆಗೂ ಸ್ಪರ್ಧಿಸುತ್ತವೆ.

ಒಡೆಯನ ಸಂತೋಷ ಈ ಬಹುಮಾನದಲ್ಲಿ ಮಾತ್ರ ಇದೆಯೆಂದು ತಿಳಿಯಬಾರದು. ಮುಧೋಳದ ನಾಯಿ ಮುಟ್ಟಿಸಿಕೊಳ್ಳುವ ಸ್ವಭಾವದ್ದಲ್ಲ. ಹೊರಗಿನವರಿಂದ ದೂರ ನಿಲ್ಲುತ್ತದೆ. ಅಂತಹ ಪ್ರಾಣಿಯು ಗದ್ದಲದ ಮೈದಾನದಲ್ಲಿ ಗುರುತಿಲ್ಲದವನೊಬ್ಬನು ಬಾಯಿ ತೆರೆದು ಹಲ್ಲು ನೋಡುವಾಗ ಅಲುಗದೆ ನಿಂತಿತೆಂದರೆ, ಅದರ ಹಿಂದೆ ತಿಂಗಳುಗಟ್ಟಲೆ ಬೆಳಗಿನ ನಡಿಗೆಯೂ ಪೆಟ್ಟಿಲ್ಲದ ಶಿಕ್ಷಣವೂ ಇರುತ್ತವೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬೇಟೆಗೆ ಅವಕಾಶವಿಲ್ಲ, ಅವಕಾಶವಿರಕೂಡದೆಂಬುದೂ ಸರಿಯೇ. ಓಡುವುದಕ್ಕೆಂದೇ ರೂಪುಗೊಂಡ ನಾಯಿಯನ್ನು ಹತ್ತು ಜನರ ಮುಂದೆ ನಡೆಸಿ ತೋರಿಸುವ ಸ್ಥಳವಾಗಿ ಉಳಿದಿರುವುದು ಪ್ರದರ್ಶನವೇ.

ಅಪಾಯವೂ ಇಲ್ಲಿಯೇ ಇದೆ. ಬೇಡನ ಹೊಲದಲ್ಲಿ ಓಡಲಾರದ ನಾಯಿಗೆ ಉಳಿವಿರಲಿಲ್ಲ. ಪ್ರದರ್ಶನದಲ್ಲಿ ನೋಟಕ್ಕೆ ಚೆನ್ನಾಗಿದ್ದರೆ ಓಡಲಾರದ ನಾಯಿಯೂ ಪದಕ ಪಡೆಯಬಹುದು. ಗೆದ್ದ ಗಂಡಿಗೆ ಎಲ್ಲೆಡೆಯಿಂದ ಬೇಡಿಕೆ ಬರುತ್ತದೆ. ಕೆಲವೇ ತಲೆಮಾರುಗಳಲ್ಲಿ ಅದರ ರಕ್ತವು ತಳಿಯ ಬಹುಭಾಗದಲ್ಲಿ ಹರಡುತ್ತದೆ. ತಂದೆ ಮಗಳನ್ನು, ಅಥವಾ ಒಡಹುಟ್ಟಿದವನ್ನು ಕೂಡಿಸಿದರೆ, ಹುಟ್ಟುವ ಮರಿಯ ಯಾವುದೇ ಒಂದು ಗುಣದ ಎರಡು ಪ್ರತಿಗಳೂ ಒಂದೇ ಪೂರ್ವಜನಿಂದ ಬಂದಿರುವ ಸಂಭವ ಶೇಕಡ ೨೫. ಅಡಗಿದ್ದ ದೋಷಗಳು ಮೇಲೆ ಬರುವುದು ಹೀಗೆ. ಶುದ್ಧಿಯ ಹೆಸರಿನಲ್ಲಿ ಬಾಗಿಲು ಮುಚ್ಚಿದ ವಂಶಾವಳಿಯು ಚಿಕ್ಕ ತಳಿಗೆ ಉರುಳಾಗಬಲ್ಲದು. ಈ ದೃಷ್ಟಿಯಿಂದ, ಬಾಗಲಕೋಟೆ ಜಿಲ್ಲೆಯ ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ನಡೆಯುತ್ತಿರುವ ಶ್ವಾನ ಸಂಶೋಧನ ಕೇಂದ್ರದ ಕೆಲಸ ಮಹತ್ತ್ವದ್ದು. ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಬಂದ, ೨೦೧೬ರಲ್ಲಿ ಸೈನ್ಯದ ತರಬೇತಿಗೆಂದು ಮೀರತ್ತಿಗೆ ಹೋದ, ೨೦೨೦ರಲ್ಲಿ ಪ್ರಧಾನಮಂತ್ರಿಗಳ ಬಾನುಲಿ ಭಾಷಣದಲ್ಲಿ ಹೆಸರು ಪಡೆದ ನಾಯಿಗೆ ಈಗ ಗಿರಾಕಿಗಳ ಕೊರತೆಯಿಲ್ಲ. ಮುಧೋಳದ ಸುತ್ತಣ ರೈತ ಕುಟುಂಬಗಳಿಗೆ ಮರಿಗಳ ಮಾರಾಟವು ಉಪಜೀವನವಾಗಿರುವುದು ನ್ಯಾಯವೇ. ನಗರದ ದಲ್ಲಾಳಿಯ ಮಾತು ಬೇರೆ.

೧೯೬೦ರ ಪ್ರಾಣಿಹಿಂಸಾ ನಿಷೇಧ ಕಾಯಿದೆಯ ಅಡಿಯಲ್ಲಿ ೨೦೧೭ರಲ್ಲಿ ಬಂದ ನಾಯಿಗಳ ಸಂವರ್ಧನ ಮತ್ತು ಮಾರಾಟದ ನಿಯಮಗಳನ್ನು ಈ ಹವ್ಯಾಸಕ್ಕೆ ಕೈಹಾಕುವ ಪ್ರತಿಯೊಬ್ಬರೂ ಓದಬೇಕು. ಸಂವರ್ಧಕನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಲಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ. ವರ್ಷಕ್ಕೆ ಒಂದಕ್ಕಿಂತ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲುಗಳಿರಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿಯನ್ನು ತೋರಿಸಲು ಒಪ್ಪದ ಮಾರಾಟಗಾರನಿಂದ ಮರಿಯನ್ನು ಕೊಳ್ಳದಿರುವುದು ಮೇಲು. ಕಾಗದಗಳಲ್ಲಿ ಇನ್ನೊಂದು ತೊಡಕಿದೆ: ಕೆನಲ್ ಕ್ಲಬ್ ಆಫ್ ಇಂಡಿಯಾ ಈ ತಳಿಯನ್ನು ‘ಕಾರವಾನ್ ಹೌಂಡ್’ ಎಂದೂ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ‘ಮುಧೋಳ ಹೌಂಡ್’ ಎಂದೂ ದಾಖಲಿಸುತ್ತವೆ. ಬೇಡರ ಹೆಸರು ಎರಡರಲ್ಲಿಯೂ ಇಲ್ಲ.

ನಮ್ಮ ಕರಾವಳಿಯವರು ಕೊಳ್ಳುವ ಮೊದಲು ಇನ್ನೂ ಸ್ವಲ್ಪ ಯೋಚಿಸಬೇಕು. ಹಿಮಪ್ರದೇಶದ ದಟ್ಟ ರೋಮದ ನಾಯಿಗಳನ್ನು ಜೆಪ್ಪುವಿನ ಸೆಕೆಯಲ್ಲಿ ಯಂತ್ರದ ತಂಪಿನ ಕೋಣೆಯೊಳಗೆ ಕೂಡಿಹಾಕಿ ಸಾಕುವುದನ್ನು ಪ್ರೀತಿಯೆನ್ನಲು ಮನಸ್ಸು ಒಪ್ಪದು. ಮುಧೋಳದ ನಾಯಿಯ ಗಿಡ್ಡ ರೋಮ ಸೆಕೆಗೆ ಹೊಂದುತ್ತದೆ, ಆದರೆ ಅದು ಬಯಲಿನ ನಾಯಿ. ದಿನಕ್ಕೊಮ್ಮೆಯಾದರೂ ಮೈ ಬಿಚ್ಚಿ ಓಡಲು ಭದ್ರವಾದ ಆವರಣ ಬೇಕು. ಹಗ್ಗ ಬಿಚ್ಚಿದೊಡನೆ ಬೆಕ್ಕಿನ ಬೆನ್ನು ಹತ್ತಿ ರಸ್ತೆಗೆ ಇಳಿದೀತು. ಜೋಳದ ಹಿಟ್ಟಿನ ಗಂಜಿ, ಹಾಲುಗಳಲ್ಲಿ ಊರಿನಲ್ಲಿ ಬೆಳೆಯುವ ನಾಯಿಯನ್ನು ಇಲ್ಲಿ ಕೊಬ್ಬಿಸಬಾರದು. ಆಳವಾದ ಎದೆಯ ನಾಯಿಗಳಿಗೆಲ್ಲ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಭಯವಿರುವುದರಿಂದ, ಉಂಡ ಕೂಡಲೇ ಓಡಿಸಬಾರದು. ಮೈಯಲ್ಲಿ ಕೊಬ್ಬು ಕಡಮೆಯಿರುವ ಈ ವರ್ಗದ ನಾಯಿಗಳಿಗೆ ಕೆಲವು ಅರಿವಳಿಕೆಯ ಔಷಧಗಳ ಪ್ರಭಾವ ಬೇಗ ಇಳಿಯುವುದಿಲ್ಲವಾದುದರಿಂದ, ಶಸ್ತ್ರಚಿಕಿತ್ಸೆಯ ಮೊದಲು ವೈದ್ಯರಿಗೆ ತಳಿಯನ್ನು ತಿಳಿಸಬೇಕು. ರೇಬಿಸ್ ರೋಗದ ಲಸಿಕೆಯನ್ನು ಪ್ರತಿವರ್ಷ ತಪ್ಪಿಸಕೂಡದು. ಉಣ್ಣಿಗಳಿಂದ ಹರಡುವ ಜ್ವರಕ್ಕಾಗಿ ಕಿವಿ, ಬೆರಳುಸಂದುಗಳನ್ನು ದಿನವೂ ನೋಡಬೇಕು. ಮಳೆಗಾಲದಲ್ಲಿ ನಿಂತ ನೀರಿನಿಂದ ಇಲಿಜ್ವರವು ಮನುಷ್ಯರಿಗೂ ನಾಯಿಗಳಿಗೂ ತಗಲುವ ನಮ್ಮ ಜಿಲ್ಲೆಯಲ್ಲಿ ಅದರ ಲಸಿಕೆಯನ್ನು ಮುಂಗಾರಿಗೆ ಮೊದಲೇ, ಮೇ ತಿಂಗಳೊಳಗೆ, ಹಾಕಿಸಿ ಮುಗಿಸಬೇಕು.