ಸುಟ್ಟ ಕಲ್ಲಿದ್ದಲು ಎಲ್ಲಿ ಹೋಯಿತು?

ಆದಿ ಉಡುಪಿಯ ಶಾಲೆಯೊಂದರ ವಿಜ್ಞಾನ ಶಿಕ್ಷಕಿಯೊಬ್ಬರು ಕೇಳಿದ್ದಾರೆ: ಎಂಟನೇ ತರಗತಿಯಲ್ಲಿ ಶಕ್ತಿಯ ಆಕರಗಳ ಪಾಠ ನಡೆಯುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು, "ಟೀಚರ್, ಅಷ್ಟು ಕಲ್ಲಿದ್ದಲು ಸುಟ್ಟರೂ ಸ್ವಲ್ಪವೇ ಬೂದಿ ಉಳಿಯುವುದಲ್ಲ, ಬಾಕಿದ್ದೆಲ್ಲ ಎಲ್ಲಿ ಹೋಯಿತು?" ಎಂದಳಂತೆ. 'ಹೊಗೆಯಾಗಿ ಹೋಯಿತು' ಎಂದು ಹೇಳಿ ಪಾಠ ಮುಂದುವರಿಸಿದರೂ ಇವರಿಗೆ ಸಮಾಧಾನವಾಗಲಿಲ್ಲ. ಹವಾಮಾನ ಬದಲಾವಣೆಯ ಪಾಠವನ್ನು ಇಲ್ಲಿಂದಲೇ ಶುರು ಮಾಡಬಹುದೇ ಎಂಬುದು ಅವರ ಪ್ರಶ್ನೆ.

ಮಾಡಬಹುದು, ಇಲ್ಲಿಂದಲೇ ಮಾಡಬೇಕು. ಹದಿನೆಂಟನೇ ಶತಮಾನದ ರಸಾಯನ ಪಂಡಿತರನ್ನು ಗೋಳುಹೊಯ್ದುಕೊಂಡ ಪ್ರಶ್ನೆ ಇದು. ವಸ್ತು ಉರಿಯುವಾಗ ಅದರೊಳಗಿನ 'ಫ್ಲೊಜಿಸ್ಟನ್' ಎಂಬ ಏನೋ ಒಂದು ಹೊರಟುಹೋಗುತ್ತದೆ ಎಂದು ಅವರು ನಂಬಿದ್ದರು. 1770ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ ತಕ್ಕಡಿ ಹಿಡಿದು ಕೂತು, ಉರಿಯುವುದೆಂದರೆ ಏನೋ ಹೊರಟುಹೋಗುವುದಲ್ಲ, ಗಾಳಿಯಲ್ಲಿರುವ ಆಮ್ಲಜನಕ ಬಂದು ಸೇರುವುದು ಎಂದು ತೋರಿಸಿಕೊಟ್ಟ. ಅಂದರೆ ಸುಟ್ಟ ಕಲ್ಲಿದ್ದಲು ಕಡಿಮೆಯಾಗಿಲ್ಲ, ಹೆಚ್ಚಾಗಿದೆ! ಇಂಗಾಲದ ಒಂದು ಪರಮಾಣುವಿನ ತೂಕ 12; ಅದಕ್ಕೆ ಅಂಟಿಕೊಳ್ಳುವ ಎರಡು ಆಮ್ಲಜನಕದ ಪರಮಾಣುಗಳದ್ದು 32. ಕೂಡಿದರೆ 44. ಹನ್ನೆರಡು ಕಿಲೋ ಇಂಗಾಲ ಉರಿದರೆ ನಲವತ್ತನಾಲ್ಕು ಕಿಲೋ ಇಂಗಾಲದ ಡೈಆಕ್ಸೈಡ್. ಕಣ್ಣಿಗೆ ಕಾಣದ್ದರಿಂದ ಮಾಯವಾಯಿತು ಎಂದುಕೊಳ್ಳುತ್ತೇವೆ, ಅಷ್ಟೇ.

ತರಗತಿಯಲ್ಲಿ ಇದನ್ನು ತೋರಿಸುವುದಕ್ಕೆ ಪೇಂಟ್ ಅಂಗಡಿಯಲ್ಲಿ ಸಿಗುವ ಉಕ್ಕಿನ ಉಣ್ಣೆ, ಅಂದರೆ ಸ್ಟೀಲ್ ವೂಲ್ ಸಾಕು. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಕ್ರಬ್ಬರ್ ಬೇಡ, ಅದು ಉರಿಯುವುದಿಲ್ಲ. ಉಣ್ಣೆಯನ್ನು ಚೆನ್ನಾಗಿ ಬಿಡಿಸಿ, ಲೋಹದ ತಟ್ಟೆಯಲ್ಲಿಟ್ಟು ತೂಗಿ, ಕಡ್ಡಿ ಗೀರಿ. ಕೆಂಡದ ಕಿಡಿಗಳು ಎಳೆಯಿಂದ ಎಳೆಗೆ ಹರಿದಾಡುವುದು ನೋಡುವುದಕ್ಕೇ ಚೆಂದ. ಆರಿದ ಮೇಲೆ ಮತ್ತೆ ತೂಗಿದರೆ ತೂಕ ಏರಿರುತ್ತದೆ. 'ಸುಟ್ಟರೆ ಹಗುರ' ಎಂದು ಪಂತ ಕಟ್ಟಿದ ಹುಡುಗರ ಮುಖ ಆಗ ನೋಡಬೇಕು.

ಈಗ ಊರಿನ ಲೆಕ್ಕಕ್ಕೆ ಬನ್ನಿ. ಉಡುಪಿ ಜಿಲ್ಲೆಯ ಮಕ್ಕಳಿಗೆ ಶಕ್ತಿಯ ಆಕರಗಳನ್ನು ಪುಸ್ತಕದ ಚಿತ್ರದಲ್ಲಿ ತೋರಿಸಬೇಕಾಗಿಲ್ಲ. ಹೊಸಂಗಡಿಯ ನೆಲದಡಿಯಲ್ಲಿ ವಾರಾಹಿಯ 460 ಮೆಗಾವಾಟ್ ಜಲವಿದ್ಯುದಾಗಾರ ಇದೆ. ಗಾಳಿಯಂತ್ರದ ಉದ್ದುದ್ದ ರೆಕ್ಕೆಗಳನ್ನು ಮಾಡುವ ಸುಜ್ಲಾನ್ ಕಾರ್ಖಾನೆ ಬಂದದ್ದು ಪಡುಬಿದ್ರಿಗೆ. ಹಳ್ಳಿಮನೆಗಳಿಗೆ ಸೌರದೀಪ ಮುಟ್ಟಿಸಿದ ಸೆಲ್ಕೋ ಸಂಸ್ಥೆಯನ್ನು 1995ರಲ್ಲಿ ಕಟ್ಟಿ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ಮೂಲತಃ ಈ ಜಿಲ್ಲೆಯವರೇ. ಇನ್ನು ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ, ಹೊರದೇಶಗಳಿಂದ ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು ಉರಿಸುವ 1200 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ.

ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟು ತೆಗೆಯಲು ಒಳ್ಳೆಯ ಕಲ್ಲಿದ್ದಲಾದರೆ ಅರ್ಧ ಕಿಲೋ ಆಸುಪಾಸು ಬೇಕು. ಅದರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಹತ್ತಿರ ಹತ್ತಿರ ಒಂದು ಕಿಲೋ. ಈ ಒಂದು ಕಿಲೋ ಅನಿಲವನ್ನು ತುಂಬಿಡಲು ಹೋದರೆ ತಾರಸಿಯ ಮೇಲಿನ ಸಾವಿರ ಲೀಟರ್ ನೀರಿನ ಟ್ಯಾಂಕಿನ ಅರ್ಧಕ್ಕಿಂತ ಹೆಚ್ಚು ಜಾಗ ಬೇಕು. 1200 ಮೆಗಾವಾಟ್ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ಒಂದು ತಾಸು ಓಡಿದರೆ 12 ಲಕ್ಷ ಯೂನಿಟ್. ಆ ಒಂದು ತಾಸಿನ ಅನಿಲ ಸರಿಸುಮಾರು ಸಾವಿರ ಟನ್. ಈ ಗುಣಾಕಾರವನ್ನು ಮಕ್ಕಳೇ ಮಾಡಲಿ.

ಪಡುಬಿದ್ರಿಯ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಸ್ಥಾವರದತ್ತ ಬೆರಳು ತೋರಿಸಿ 'ನೋಡು, ಕಾರ್ಬನ್' ಎನ್ನುವವರನ್ನು ಬಸ್ಸಿನಲ್ಲಿ ಕಂಡಿದ್ದೇನೆ. ಅವರು ತೋರಿಸುವ ಬೆಳ್ಳನೆಯ ಮೋಡ ಕೂಲಿಂಗ್ ಟವರಿನಿಂದ ಏಳುವ ನೀರಿನ ಆವಿ. ಇಂಗಾಲದ ಡೈಆಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗೆಂದು ಆ ಬಿಳಿ ಮೋಡ ನಿರುಪದ್ರವಿಯೆಂದು ನಾನು ಹೇಳುತ್ತಿಲ್ಲ. ಇಲ್ಲಿ ತಂಪು ಮಾಡಲು ಬಳಸುವುದು ಕಡಲ ನೀರು. ಉಪ್ಪಿನ ಹನಿ, ಹಾರುಬೂದಿಗಳಿಂದ ತೋಟ ಕೆಡುತ್ತಿದೆ ಎಂದು ಸುತ್ತಲಿನವರು ವರ್ಷಗಟ್ಟಲೆ ದೂರಿದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿಯ ಪರಿಸರ ಪರಿಹಾರಕ್ಕೆ ಆದೇಶಿಸಿತು. ಮಕ್ಕಳಿಗೆ ಬಿಡಿಸಿ ಹೇಳಬೇಕಾದದ್ದು ಇದು: ಉಪ್ಪು, ಬೂದಿ ಬೀಳುವುದು ಎಲ್ಲೂರಿನ ಆಸುಪಾಸಿನಲ್ಲಿ. ಅದನ್ನು ಸೋಸಬಹುದು, ತಡೆಯಬಹುದು. ಇಂಗಾಲದ ಡೈಆಕ್ಸೈಡ್ ಮಾತ್ರ ಎಲ್ಲೂರಿಗೂ ಅಷ್ಟೇ, ಎಸ್ಕಿಮೋಗಳ ಊರಿಗೂ ಅಷ್ಟೇ. ಎರಡನ್ನೂ 'ಮಾಲಿನ್ಯ' ಎಂಬ ಒಂದೇ ಚೀಲಕ್ಕೆ ತುಂಬಿದರೆ ಎರಡೂ ಅರ್ಥವಾಗುವುದಿಲ್ಲ.

ತಕ್ಕಡಿ ಕೈಯಲ್ಲಿರುವಾಗಲೇ ಇನ್ನೊಂದು ಕೆಲಸ ಮುಗಿಸಿಬಿಡೋಣ. ಒಂದು ತೊಲ ಹಸುವಿನ ತುಪ್ಪವನ್ನು ಬೆಂಕಿಗೆ ಹಾಕಿದರೆ ಒಂದು ಟನ್ ಆಮ್ಲಜನಕ ಹುಟ್ಟುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ವರ್ಷಕ್ಕೊಮ್ಮೆಯಾದರೂ ನನ್ನ ಫೋನಿಗೆ ಬರುತ್ತದೆ. ಕಳುಹಿಸುವವರಲ್ಲಿ ಪದವೀಧರರೂ ಇದ್ದಾರೆ, ಅದೇ ಬೇಸರ. ಹೋಮ ಮಾಡುವವರು ಶ್ರದ್ಧೆಯಿಂದ ಮಾಡಲಿ, ನನ್ನ ತಕರಾರಿಲ್ಲ. ಆದರೆ ಹನ್ನೊಂದು ಚಿಲ್ಲರೆ ಗ್ರಾಮ್ ತುಪ್ಪದಿಂದ ಹತ್ತು ಲಕ್ಷ ಗ್ರಾಮ್ ಆಮ್ಲಜನಕ ಎಲ್ಲಿಂದ ಬರಬೇಕು? ನಿಜ ನೋಡಿದರೆ ಆ ಒಂದು ತೊಲ ತುಪ್ಪ ಉರಿಯುವುದಕ್ಕೆ ಗಾಳಿಯಿಂದ ಮೂವತ್ತು ಗ್ರಾಮಿನಷ್ಟು ಆಮ್ಲಜನಕವನ್ನು ನುಂಗುತ್ತದೆ. ಉರಿಯುವುದೆಂದರೆ ಆಮ್ಲಜನಕವನ್ನು ತಿನ್ನುವುದು. ಬೆಂಕಿಯಿಂದ ಆಮ್ಲಜನಕ ಹುಟ್ಟಿಸುವ ಮಂತ್ರ ಯಾವ ಶಾಸ್ತ್ರದಲ್ಲೂ ಇಲ್ಲ.

ಇಷ್ಟಾದ ಮೇಲೆ ಚುರುಕು ಮಕ್ಕಳು ಕೇಳಿಯೇ ಕೇಳುತ್ತಾರೆ: 'ನಮ್ಮ ಅಜ್ಜಿ ಬಚ್ಚಲೊಲೆಗೆ ಮಡಲು, ಗೆರಟೆ ಹಾಕಿ ಹಂಡೆನೀರು ಕಾಯಿಸುತ್ತಾರಲ್ಲ, ಅದೂ ತಪ್ಪಾ?' ಸೊಗಸಾದ ಪ್ರಶ್ನೆ. ಮಡಲಿನ ಇಂಗಾಲವನ್ನು ತೆಂಗಿನ ಮರ ತೆಗೆದುಕೊಂಡದ್ದು ಗಾಳಿಯಿಂದ, ಅದೂ ಈಚಿನ ಕೆಲವೇ ವರ್ಷಗಳಲ್ಲಿ. ಒಲೆಗೆ ಹಾಕಿದಾಗ ಅದೇ ಗಾಳಿಗೆ ವಾಪಸು. ಪಕ್ಕದ ಮನೆಯಿಂದ ತಂದ ಕೈಗಡವನ್ನು ತಿಂಗಳೊಳಗೆ ತೀರಿಸಿದ ಹಾಗೆ. ಮರ ಮತ್ತೆ ಚಿಗುರುತ್ತಿರುವಷ್ಟು ಕಾಲ ಲೆಕ್ಕ ಸಮ. (ಹೊಗೆಯಿಂದ ಅಜ್ಜಿಯ ಕಣ್ಣು, ಶ್ವಾಸಕೋಶ ಕೆಡುವುದು ಬೇರೆ ವಿಷಯ, ಅದಕ್ಕೆ ಚಿಮಣಿ ಬೇಕು.) ಕಲ್ಲಿದ್ದಲಿನದು ಕೋಟಿಗಟ್ಟಲೆ ವರ್ಷಗಳಿಂದ ನೆಲದಡಿ ಹೂತುಹೋಗಿದ್ದ ಇಂಗಾಲ. ಅದು ಇಂದಿನ ಗಾಳಿಯ ಲೆಕ್ಕದಲ್ಲಿ ಇರಲೇ ಇಲ್ಲ.

ಗಾಳಿಯಲ್ಲಿ ಹೆಚ್ಚಿದ ಅನಿಲ ಮಡಲಿನದ್ದೋ ಕಲ್ಲಿದ್ದಲಿನದ್ದೋ ಎಂದು ಹೇಳುವುದು ಹೇಗೆ? ಇಲ್ಲಿಯೇ ನನಗೆ ಪ್ರತಿಸಲವೂ ರೋಮಾಂಚನವಾಗುವುದು. ವಿಶ್ವಕಿರಣಗಳು ಮೇಲಿನ ವಾತಾವರಣಕ್ಕೆ ಬಡಿದು ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವನ್ನು ಸದಾ ಹುಟ್ಟಿಸುತ್ತಿರುತ್ತವೆ. ಮರದಲ್ಲಿ, ಮಡಲಿನಲ್ಲಿ, ನಮ್ಮ ಮೈಯಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿ ಇದ್ದೇ ಇದೆ. ಆದರೆ 5730 ವರ್ಷಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಕೋಟಿ ವರ್ಷ ಹಳೆಯ ಕಲ್ಲಿದ್ದಲಿನಲ್ಲಿ ಅದರ ಸುಳಿವೂ ಉಳಿದಿರುವುದಿಲ್ಲ. 1950ರ ದಶಕದಲ್ಲಿ ಹಾನ್ಸ್ ಸೂಸ್ ಎಂಬ ವಿಜ್ಞಾನಿ ಮರಗಳ ಹಳೆಯ, ಹೊಸ ಉಂಗುರಗಳನ್ನು ಹೋಲಿಸಿ ನೋಡಿದರು. ಇಪ್ಪತ್ತನೇ ಶತಮಾನದ ಉಂಗುರಗಳಲ್ಲಿ ಕಾರ್ಬನ್-14ರ ಪಾಲು ಇರಬೇಕಾದಷ್ಟು ಇರಲಿಲ್ಲ. ಕಾರ್ಖಾನೆಗಳು ಊದಿದ ಹಳೆಯ ಇಂಗಾಲ ಗಾಳಿಗೆ ಬೆರೆತು ಅದನ್ನು ತೆಳುಮಾಡಿತ್ತು. ಕಲ್ಲಿದ್ದಲು ಎಲ್ಲಿ ಹೋಯಿತು ಎಂಬುದಕ್ಕೆ ಮರಗಳೇ ದಾಖಲೆ ಬರೆದಿಟ್ಟಿದ್ದವು. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ.

ಈ ಅನಿಲ ಭೂಮಿಯನ್ನು ಬಿಸಿಮಾಡುವುದು ಹೇಗೆಂದು ಕೇಳಿದರೆ ಬಹುಪಾಲು ಮಕ್ಕಳ ಉತ್ತರ ಒಂದೇ: 'ಓಜೋನ್ ಪದರದಲ್ಲಿ ತೂತಾಗಿ ಬಿಸಿಲು ಒಳಗೆ ಬರುತ್ತದೆ.' ಅಲ್ಲ, ಖಂಡಿತ ಅಲ್ಲ! ಓಜೋನ್ ತಡೆಯುವುದು ಸೂರ್ಯನ ಅತಿನೇರಳೆ ಕಿರಣಗಳನ್ನು. ಅದನ್ನು ಕೆಡಿಸಿದ್ದು ಹಳೆಯ ಫ್ರಿಜ್ಜು, ಸ್ಪ್ರೇಗಳಲ್ಲಿದ್ದ ಸಿಎಫ್‌ಸಿ ರಾಸಾಯನಿಕಗಳು. 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಆ ಪದರ ಚೇತರಿಸಿಕೊಳ್ಳುತ್ತಿದೆ. ಭೂಮಿ ಬಿಸಿಯಾಗುತ್ತಿರುವುದು ಒಳಬರುವ ಬಿಸಿಲು ಹೆಚ್ಚಿದ್ದರಿಂದಲ್ಲ, ಹೊರಹೋಗಬೇಕಾದ ಶಾಖಕ್ಕೆ ಅಡ್ಡಿಯಾದದ್ದರಿಂದ. ಇದನ್ನು ಕಾರ್ಕಳದ ಮಕ್ಕಳು ತಮ್ಮ ಅಂಗಳದಲ್ಲೇ ನೋಡಿರುತ್ತಾರೆ: ಚಳಿಗಾಲದ ತಿಳಿ ಆಕಾಶದ ರಾತ್ರಿ ಇಬ್ಬನಿ ಬಿದ್ದು ತಣ್ಣಗಾಗುತ್ತದೆ, ಮೋಡ ಕವಿದ ರಾತ್ರಿ ಸೆಕೆಯೋ ಸೆಕೆ. ಮೋಡ, ನೀರಾವಿ, ಇಂಗಾಲದ ಡೈಆಕ್ಸೈಡ್ ಎಲ್ಲವೂ ನೆಲದ ಶಾಖವನ್ನು ಹೀರಿ ಒಂದು ಪಾಲನ್ನು ಮತ್ತೆ ಕೆಳಕ್ಕೆ ಸೂಸುತ್ತವೆ.

ಇದನ್ನು ತೋರಿಸಲು ಎರಡು ಬಾಟಲಿಗಳನ್ನು ಬಲ್ಬಿನ ಕೆಳಗಿಟ್ಟು, ಒಂದಕ್ಕೆ ಅಡುಗೆ ಸೋಡಾ ಮತ್ತು ವಿನಿಗರ್‌ನಿಂದ ಬಂದ ಅನಿಲ ತುಂಬಿ, ಥರ್ಮಾಮೀಟರ್ ಏರುವುದನ್ನು ತೋರಿಸುವ ಪ್ರಯೋಗ ಬಲು ಜನಪ್ರಿಯ. ದಯವಿಟ್ಟು ಅದನ್ನು ಬಿಡಿ. ಹಸಿರುಮನೆ ಗುಣವೇ ಇಲ್ಲದ ಆರ್ಗಾನ್ ಅನಿಲ ತುಂಬಿದರೂ ಹೆಚ್ಚು ಕಡಿಮೆ ಅಷ್ಟೇ ಬಿಸಿಯಾಗುತ್ತದೆ ಎಂದು 2010ರಲ್ಲಿ ಅಮೆರಿಕದ ಭೌತಶಾಸ್ತ್ರ ಪತ್ರಿಕೆಯೊಂದು ಪ್ರಕಟಿಸಿತು. ಅಲ್ಲಿ ಬಿಸಿಯಾಗುವುದು ಭಾರದ ಅನಿಲ ಮೇಲಿನ ಗಾಳಿಯೊಡನೆ ಬೆರೆಯದೆ ಕೂತುಬಿಡುವುದರಿಂದ. ಉತ್ತರ ಸರಿ, ಕಾರಣ ತಪ್ಪು. ಗಣಿತದಲ್ಲಿ ಇದಕ್ಕೆ ಅಂಕ ಕೊಡುವುದಿಲ್ಲ, ವಿಜ್ಞಾನದಲ್ಲಿ ಯಾಕೆ ಕೊಡಬೇಕು?

ಬದಲಿಗೆ ಅದೇ ಸೋಡಾ, ವಿನಿಗರ್ ಇಟ್ಟುಕೊಂಡು ಎಲೆಯಡಿಕೆ ತಟ್ಟೆಯಿಂದ ಒಂದಿಷ್ಟು ಸುಣ್ಣ ತನ್ನಿ. ಕರಾವಳಿಯಲ್ಲಿ ಮರುವಾಯಿಯಂಥ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುವುದು ಹಳೆಯ ಪದ್ಧತಿ. ಸುಡುವಾಗ ಚಿಪ್ಪಿನಿಂದ ಬಿಟ್ಟುಹೋಗುವುದೂ ನಮ್ಮ ಇದೇ ಅನಿಲ. ಸುಣ್ಣವನ್ನು ನೀರಿಗೆ ಕದಡಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನು ಮಾತ್ರ ಲೋಟಕ್ಕೆ ಬಗ್ಗಿಸಿ. ಕಣ್ಣಿಗೆ, ಬಾಯಿಗೆ ತಾಗದಂತೆ ಟೀಚರೇ ಮಾಡಲಿ. ಸೋಡಾ ಬಾಟಲಿಯಿಂದ ಒಂದು ಕೊಳವೆ ಇಳಿಸಿ ಅನಿಲವನ್ನು ಈ ತಿಳಿನೀರಿಗೆ ಹಾಯಿಸಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಸುಣ್ಣ ತಾನು ಕಳೆದುಕೊಂಡ ಅನಿಲವನ್ನು ಮರಳಿ ಪಡೆದು ಮತ್ತೆ ಚಿಪ್ಪಿನ ಪುಡಿಯಾಯಿತು! ಹೆಚ್ಚಿನ ಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ. ನೀವು ನಿಲ್ಲಿಸಬೇಡಿ, ಅನಿಲ ಹಾಯಿಸುತ್ತಲೇ ಇರಿ. ಸ್ವಲ್ಪ ಹೊತ್ತಿನಲ್ಲಿ ಹಾಲುಬಣ್ಣ ತೆಳುವಾಗುತ್ತಾ ಬಂದು ನೀರು ಮತ್ತೆ ತಿಳಿಯಾಗುತ್ತದೆ. ಹೆಚ್ಚಾದ ಅನಿಲ ನೀರನ್ನು ಹುಳಿಯಾಗಿಸಿತು, ಚಿಪ್ಪಿನ ಪುಡಿ ಅದರಲ್ಲಿ ಕರಗಿಹೋಯಿತು.

ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಪಾಲನ್ನು ಕಡಲು ಕುಡಿಯುತ್ತಿದೆ. ಲೋಟದಲ್ಲಿ ನಡೆದ ರಸಾಯನ ಕ್ರಿಯೆಯೇ ಮಲ್ಪೆಯ ಆಚೆಯೂ ನಿಧಾನವಾಗಿ ನಡೆದಿದೆ. ಕಡಲಿನ ಚಿಪ್ಪುಗಳೇನೂ ನಾಳೆಯೇ ಕರಗಿಬಿಡುವುದಿಲ್ಲ. ಆದರೆ ಕಡಲ ನೀರಿನ ಕ್ಷಾರಗುಣ ತಗ್ಗಿದಷ್ಟೂ ಮರುವಾಯಿ, ಹವಳಗಳಿಗೆ ಚಿಪ್ಪು ಕಟ್ಟುವ ಕೆಲಸ ಕಷ್ಟವಾಗುತ್ತದೆ. ಸುಟ್ಟ ಕಲ್ಲಿದ್ದಲಿನ ಒಂದು ಪಾಲು ಹೋದದ್ದು ಅಲ್ಲಿಗೆ.

ಹಾಗಾದರೆ ಮಕ್ಕಳು ಏನು ಮಾಡಬೇಕು? 'ಫ್ಯಾನ್ ಆರಿಸಿ, ಭೂಮಿ ಉಳಿಸಿ' ಎಂದು ಅವರ ತಲೆಯ ಮೇಲೆ ಅಪರಾಧದ ಹೊರೆ ಹೊರಿಸುವುದು ನನಗೆ ಒಗ್ಗದು. ಭಾರತೀಯನೊಬ್ಬನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಎರಡು ಟನ್ ಆಸುಪಾಸು. ಅಮೆರಿಕದವರದ್ದು ಅದರ ಆರೇಳು ಪಟ್ಟು. ಮಕ್ಕಳಿಗೆ ಬೇಕಾದದ್ದು ಲೆಕ್ಕ. ಒಂದು ವಾರ ದಿನವೂ ಒಂದೇ ಹೊತ್ತಿಗೆ ಮನೆಯ ಮೆಸ್ಕಾಂ ಮೀಟರ್ ಓದಿ ಬರೆದುಕೊಳ್ಳಲಿ. ಯೂನಿಟ್ಟುಗಳನ್ನು 0.7ರಿಂದ ಗುಣಿಸಲಿ, ಜಲ, ಗಾಳಿ, ಸೌರ, ಅಣು ಎಲ್ಲ ಸೇರಿದ ದೇಶದ ವಿದ್ಯುಜ್ಜಾಲದಲ್ಲಿ ಒಂದು ಯೂನಿಟ್ಟಿನ ಸರಾಸರಿ ಹೊರೆ ಸುಮಾರು ಅಷ್ಟು ಕಿಲೋ. ಗ್ರೈಂಡರ್ ಓಡಿದ ದಿನ, ಪಂಪು ಓಡಿದ ದಿನ, ನೆಂಟರು ಬಂದ ದಿನ ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕಲಿ. ಸೋಲಾರ್ ಹಾಕಿಸಿದ ಮನೆಯ ಮಗು ಮಳೆಗಾಲದ, ಬೇಸಿಗೆಯ ಉತ್ಪಾದನೆಯನ್ನು ಹೋಲಿಸಲಿ. ಆಷಾಢದ ಮೋಡದಡಿ ಸೌರಫಲಕ ಸೊರಗುವ ಹೊತ್ತಿಗೇ ಘಟ್ಟದ ನೀರೂ ಬಯಲುಸೀಮೆಯ ಗಾಳಿಯೂ ಹೆಚ್ಚುತ್ತವೆ. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು ಎಂಬುದನ್ನು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಜೂನ್ 5 ಬಂತೆಂದರೆ ನಮ್ಮ ಶಾಲೆಗಳಲ್ಲಿ ಚಿತ್ರಸ್ಪರ್ಧೆ: ಅಳುವ ಭೂಮಿ, ಅದರ ಬಾಯಲ್ಲಿ ಥರ್ಮಾಮೀಟರ್, ಮೇಲೊಂದು ತೂತಾದ ಓಜೋನ್. ಒಂದು ವರ್ಷ ಅದನ್ನು ಬಿಟ್ಟು, ಆ ಬಹುಮಾನದ ದುಡ್ಡಿನಲ್ಲಿ ಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೋರಿಸುವ ಡಿಜಿಟಲ್ ತಕ್ಕಡಿಯೊಂದನ್ನು ಕೊಳ್ಳಿ. ಶಾಲಾಭಿವೃದ್ಧಿ ಸಮಿತಿಯವರು ಕೇಳಿದರೆ, ಹವಾಮಾನ ಬದಲಾವಣೆಯ ಪಾಠಕ್ಕೆ ಬೇಕಾದ ಮೊದಲ ಉಪಕರಣ ಅದೇ ಎಂದು ಧೈರ್ಯವಾಗಿ ಹೇಳಿ.