ನಿಮಗಿದು ಗೊತ್ತೇ? ಇಕ್ಕಟ್ಟಿನ ಗಳಿಗೆಯ ಸರಿ–ತಪ್ಪು

ಬೀದರ್–ಹುಮನಾಬಾದ್ ದಾರಿಯ ಮೇಲಿರುವ ಹಳ್ಳಿಖೇಡ (ಬಿ), ಬಿಎಸ್‌ಎಸ್‌ಕೆ ಸಕ್ಕರೆ ಕಾರ್ಖಾನೆಯ ಊರು. ಇಲ್ಲಿಂದ ಒಂದು ಕಡೆಗೆ ಶರಣರ ಕಲ್ಯಾಣ (ಇಂದಿನ ಬಸವಕಲ್ಯಾಣ), ಇನ್ನೊಂದು ಕಡೆಗೆ ಸುಲ್ತಾನರ ಬೀದರ್. ಹಸಿವು, ಸಿಟ್ಟು, ಭಯ, ಅವಸರ ಮೇಲೆ ಬಿದ್ದಾಗ ಮನುಷ್ಯ ಏನು ಮಾಡುತ್ತಾನೆ? ಇದಕ್ಕೆ ಈ ಸೀಮೆಯ ಇತಿಹಾಸವೂ ಉತ್ತರ ಕೊಡುತ್ತದೆ, ಮನಶ್ಶಾಸ್ತ್ರದ ಪ್ರಯೋಗಗಳೂ ಕೊಡುತ್ತವೆ.

1. ಬಡತನ: ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗೆ ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿ ಆಯುವುದೇ ಕಾಯಕ. ಒಂದು ದಿನ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಮನೆಯಲ್ಲಿ ನಾಳೆಗೆ ಕಾಳಿಲ್ಲ. ಆದರೂ ಲಕ್ಕಮ್ಮ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು ಎಂದು ಶರಣ ಪರಂಪರೆ ಹೇಳುತ್ತದೆ.

2. ಪ್ರಾಣಭಯ: ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳನ್ನು ಕೊಟ್ಟು ಮದುವೆಯಾಯಿತು. ಕಲ್ಯಾಣದ ಅರಸ ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರು ತಂದೆಯರಿಗೂ ಎಳೆದು ಕೊಲ್ಲುವ ಎಳೆಹೂಟೆ ಶಿಕ್ಷೆಯಾಯಿತು. ಅವರು ನಂಬಿದ್ದನ್ನು ಬಿಡಲಿಲ್ಲ. ಹರಳಯ್ಯನ ಹೆಸರಿನ ಗವಿ ಇಂದಿಗೂ ಬಸವಕಲ್ಯಾಣದಲ್ಲಿದೆ.

3. ಬೆನ್ನಟ್ಟಿದ ಸೈನ್ಯ: ಆ ಶಿಕ್ಷೆಯ ಬಳಿಕ ಎದ್ದ ಗಲಭೆಯಲ್ಲಿ ಶರಣರು ಚದುರಿಹೋದರು. ಚೆನ್ನಬಸವಣ್ಣನವರ ಜೊತೆ ಹೊರಟ ತಂಡ ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉತ್ತರ ಕನ್ನಡದ ಕಾಡಿನ ಉಳವಿ ಸೇರಿತು ಎಂಬುದು ಪರಂಪರೆಯ ಮಾತು. ಓಡುವಾಗ ಹೊರೆ ಇಳಿಸುವುದು ಸುಲಭ. ಅವರು ಇಳಿಸಲಿಲ್ಲ.

4. ಬರಗಾಲ: ಬಸವಣ್ಣನವರು ಮೊದಲು ಕರಣಿಕರಾಗಿ ದುಡಿದ ಊರೆಂದು ಹೇಳುವ ಮಂಗಳವೇಢೆಯಲ್ಲಿ, 15ನೇ ಶತಮಾನದಲ್ಲಿ, ದಾಮಾಜಿ ಪಂತ ಬಹಮನಿ ಸುಲ್ತಾನರ ಅಧಿಕಾರಿ. ಊರು ಹಸಿದಾಗ ಅಪ್ಪಣೆಗೆ ಕಾಯದೆ ಸರ್ಕಾರಿ ಕಣಜ ತೆರೆಸಿದ. ಬೀದರಿನಿಂದ ಬಂಧನದ ಆಜ್ಞೆ ಹೊರಟಿತು. ವಿಠಲನೇ ಮಹಾರನ ವೇಷದಲ್ಲಿ ಬೀದರಿಗೆ ಬಂದು ಕಾಳಿನ ಬೆಲೆ ತುಂಬಿದ ಎಂದು ಭಕ್ತರ ಕಥೆ ಹೇಳುತ್ತದೆ.

5. ಸಿಟ್ಟು: ಬೀದರಿನ ಮದರಸಾ ಕಟ್ಟಿಸಿದ ವಜೀರ ಮಹಮೂದ್ ಗವಾನ್ ವಿರುದ್ಧ ಶತ್ರುಗಳು ಸುಳ್ಳು ಪತ್ರ ಸೃಷ್ಟಿಸಿದರು. ಕುಡಿದ ಮತ್ತಿನಲ್ಲಿದ್ದ ಸುಲ್ತಾನ ಮೂರನೇ ಮುಹಮ್ಮದ್ ಷಾ ವಿಚಾರಣೆಯನ್ನೇ ಮಾಡದೆ 1481ರ ಏಪ್ರಿಲ್ 5ರಂದು ತಲೆ ಕಡಿಸಿದ. ಪತ್ರ ನಕಲಿ ಎಂದು ಆಮೇಲೆ ತಿಳಿಯಿತು. ಪಶ್ಚಾತ್ತಾಪದಲ್ಲಿ ಬೆಂದ ಸುಲ್ತಾನ ವರ್ಷ ತುಂಬುವುದರೊಳಗೆ ಸತ್ತ, ಬಹಮನಿ ರಾಜ್ಯವೂ ಒಡೆಯತೊಡಗಿತು.

6. ಅವಸರ: 1973ರಲ್ಲಿ ಪ್ರಕಟವಾದ ಅಮೆರಿಕದ ಪ್ರಿನ್ಸ್‌ಟನ್ನಿನ ಪ್ರಯೋಗವೊಂದರಲ್ಲಿ, ಪಾದ್ರಿಗಳಾಗಲು ಓದುತ್ತಿದ್ದ 40 ಯುವಕರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ನರಳುತ್ತಾ ಕುಸಿದಿದ್ದ. ಬಿಡುವಿದ್ದವರಲ್ಲಿ ಶೇ. 63 ಮಂದಿ ನೆರವಾದರು. ‘ತಡವಾಯಿತು, ಓಡು’ ಎಂದು ಅಟ್ಟಿಸಿಕೊಂಡವರಲ್ಲಿ ನೆರವಾದವರು ಶೇ. 10 ಮಾತ್ರ. ಅವರಲ್ಲಿ ಹಲವರು ಹೊರಟಿದ್ದದ್ದು, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಬೈಬಲಿನ ಸಮಾರ್ಯದವನ ಕಥೆ ಕುರಿತು ಭಾಷಣ ಮಾಡಲು!

7. ‘ಬೇರೆಯವರು ನೋಡ್ಕೋತಾರೆ’: ಡಾರ್ಲಿ ಮತ್ತು ಲಟಾನೆ ಎಂಬ ಸಂಶೋಧಕರು 1968ರಲ್ಲಿ ಕಂಡದ್ದು ಇದು. ಪಕ್ಕದ ಕೋಣೆಯವನಿಗೆ ಮೂರ್ಛೆ ಬಂದ ಸದ್ದು ತನಗೊಬ್ಬನಿಗೇ ಕೇಳುತ್ತಿದೆ ಎಂದುಕೊಂಡವರಲ್ಲಿ ಶೇ. 85 ಮಂದಿ ಸದ್ದು ನಿಲ್ಲುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರಿಗೆ ಕೇಳುತ್ತಿದೆ ಎಂದುಕೊಂಡವರಲ್ಲಿ ಎದ್ದವರು ಶೇ. 31.

8. ಮೇಲಿನವರ ಅಪ್ಪಣೆ: 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಆರಂಭಿಸಿದ ಪ್ರಯೋಗದಲ್ಲಿ, ‘ಮುಂದುವರಿಸಿ’ ಎಂಬ ಮಾತಿಗೇ 40ರಲ್ಲಿ 26 ಜನ 450 ವೋಲ್ಟ್‌ವರೆಗೆ ಇನ್ನೊಬ್ಬನಿಗೆ ಕರೆಂಟ್ ಶಾಕ್ ಕೊಡುವ ಗುಂಡಿ ಒತ್ತಿದರು. ಶಾಕ್ ಹುಸಿ ಎಂಬುದು ಅವರಿಗೆ ಗೊತ್ತಿರಲಿಲ್ಲ.

9. ‘ಒಲ್ಲೆ’ ಎಂದವರ ಬಲ: ಅದೇ ಮಿಲ್‌ಗ್ರಾಮ್ ಇನ್ನೊಂದು ಸುತ್ತಿನಲ್ಲಿ, ಪಕ್ಕದಲ್ಲಿ ಕೂತ ಇಬ್ಬರು ‘ನಾವು ಒಲ್ಲೆವು’ ಎಂದು ಏಳುವಂತೆ ಏರ್ಪಾಡು ಮಾಡಿದರು. ಕೊನೆಯವರೆಗೂ ಗುಂಡಿ ಒತ್ತಿದವರು 26ರಿಂದ 4ಕ್ಕೆ ಇಳಿದರು.

10. ದ್ವೇಷದ ದಿನಗಳು: 1948ರ ಮೇ ತಿಂಗಳಲ್ಲಿ ಹೈದರಾಬಾದ್ ನಿಜಾಮನ ಪರವಿದ್ದ ರಜಾಕಾರರು ಬಸವಕಲ್ಯಾಣ ಬಳಿಯ ಗೋರ್ಟಾದಲ್ಲಿ ಹತ್ಯಾಕಾಂಡ ನಡೆಸಿದರು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸೇಡಿನ ಬೆಂಕಿ ಅಮಾಯಕ ಮುಸ್ಲಿಮರ ಮೇಲೆ ತಿರುಗಿತು. ಇದನ್ನು ಪರಿಶೀಲಿಸಿದ ಪಂಡಿತ ಸುಂದರಲಾಲ್ ಸಮಿತಿಯ ವರದಿಯಲ್ಲಿ ಅತಿ ಹೆಚ್ಚು ಬಾಧೆಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು. ಅದೇ ವರದಿ ಇನ್ನೊಂದು ಸಂಗತಿಯನ್ನೂ ದಾಖಲಿಸಿದೆ: ಹೈದರಾಬಾದ್ ಸಂಸ್ಥಾನದಲ್ಲಿ ಹಿಂದೂ ನೇಕಾರರು ತಮ್ಮ ಮುಸ್ಲಿಂ ನೇಕಾರ ಬಂಧುಗಳ ಪರ ನಿಂತು ಹೋರಾಡಿದರು, ಕೆಲವರು ಪ್ರಾಣವನ್ನೇ ಕೊಟ್ಟರು. ಈ ಹೆಸರಿಲ್ಲದ ನೇಕಾರರನ್ನು ನಮ್ಮ ಶಾಲೆಗಳಲ್ಲಿ ನೆನೆಯಬೇಕು.

11. ನುಡಿ ಬದಲಾದರೆ: ಓಡಿಬರುವ ರೈಲುಗಾಡಿಯಿಂದ ಐವರನ್ನು ಉಳಿಸಲು ಒಬ್ಬನನ್ನು ಸೇತುವೆಯಿಂದ ತಳ್ಳಬಹುದೇ? 2014ರಲ್ಲಿ ಆಲ್ಬರ್ಟ್ ಕೋಸ್ಟಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾಯ್ನುಡಿಯಲ್ಲಿ ಕೇಳಿದಾಗಿನದಕ್ಕಿಂತ ಕಲಿತ ಪರನುಡಿಯಲ್ಲಿ ಕೇಳಿದಾಗ ಹೆಚ್ಚು ಜನ ‘ತಳ್ಳಬಹುದು’ ಎನ್ನುತ್ತಾರೆ. ತಾಯ್ನುಡಿ ಮನಸ್ಸನ್ನು ಹೆಚ್ಚು ತಟ್ಟುವುದು ಇದಕ್ಕೆ ಕಾರಣವೆಂದು ಅವರ ಊಹೆ. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ನಮ್ಮ ಸೀಮೆಯವರು ಯೋಚಿಸಬೇಕಾದ ವಿಷಯ.

12. ಬೀದಿಯ ಕ್ಯಾಮೆರಾ ಹೇಳಿದ್ದು: ‘ಈಗಿನ ಕಾಲದಲ್ಲಿ ಯಾರೂ ಸಹಾಯಕ್ಕೆ ಬರಲ್ಲ’ ಎನ್ನುತ್ತೇವೆ. ಬ್ರಿಟನ್, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕಾದ ನಗರಗಳಲ್ಲಿ ಸಿಸಿಟಿವಿಯಲ್ಲಿ ಸೆರೆಯಾದ 219 ಬೀದಿಜಗಳಗಳನ್ನು ಪರೀಕ್ಷಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದೇ ಹೇಳುತ್ತದೆ. ಹತ್ತರಲ್ಲಿ ಒಂಬತ್ತು ಸಲ ಒಬ್ಬರಾದರೂ ನಡುವೆ ಬಂದಿದ್ದರು. ಜನ ಹೆಚ್ಚಿದ್ದಷ್ಟೂ ಯಾರಾದರೂ ಬರುವ ಸಾಧ್ಯತೆಯೂ ಹೆಚ್ಚಿತ್ತು.

13. ಕೇಸಿನ ಭಯ: ಅಪಘಾತದಲ್ಲಿ ಬಿದ್ದವರನ್ನು ಮುಟ್ಟಿದರೆ ಕೋರ್ಟು ಅಲೆಯಬೇಕಾಗುತ್ತದೆ ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ನೆರವಾದವರ ರಕ್ಷಣೆಗೆ ಕರ್ನಾಟಕ ಕಾಯ್ದೆಯನ್ನೇ ಮಾಡಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

14. ಗುಂಪನ್ನು ಎಬ್ಬಿಸುವ ಬಗೆ: ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟುವ ದಿನಗಳಲ್ಲಿ ನಮ್ಮ ದಾರಿಯಲ್ಲೂ ಯಾರಾದರೂ ಬಿದ್ದಾರು. ಆಗ ಸುತ್ತಲಿನವರಿಗೆಲ್ಲ ‘ಯಾರಾದರೂ ಫೋನ್ ಮಾಡಿ’ ಎಂದು ಕೂಗಬೇಡಿ. ಒಬ್ಬರತ್ತ ಕೈ ತೋರಿಸಿ, ‘ಅಣ್ಣಾ, ನೀವು 108ಕ್ಕ ಫೋನ್ ಹಚ್ಚರಿ’ ಎನ್ನಿ. ಪ್ರಥಮ ಚಿಕಿತ್ಸೆ ಕಲಿಸುವವರು ಹೇಳಿಕೊಡುವುದೂ ಇದನ್ನೇ. ಹೊಣೆ ಯಾರದೆಂದು ಗೊತ್ತಾದ ಕೂಡಲೇ ಗುಂಪಿನ ಹಿಂಜರಿಕೆ ಸಡಿಲುತ್ತದೆ. ಅವಸರ, ಭಯ, ಅಪ್ಪಣೆ ಯಾವುದೇ ಇರಲಿ, ಮೊದಲು ನಿಂತವರನ್ನು ನೋಡಿ ಉಳಿದವರಿಗೆ ಧೈರ್ಯ ಬರುತ್ತದೆ. ಆದ್ದರಿಂದ ಗಾಡಿ ಮೊದಲು ನಿಲ್ಲಿಸುವವರು ನೀವೇ ಆಗಿ.